ಇಪ್ಪತ್ತೆಂಟು ದಿನ

ಕಂದಿಕೆರೆ ಪಕ್ಕದ ಹಳ್ಳಿಯ ಬಸವರಾಜಪ್ಪನಿಗೆ ಇಂಗ್ಲೆಂಡಿನ ಮೇಲೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅದರ ಪಾಡಿಗೆ ಅದು, ಇವನ ಪಾಡಿಗೆ ಇವನು. ಹಾಗಿರುವಾಗ ಫೆಬ್ರವರಿ ಕೊನೆಯ ಒಂದು ಸಂಜೆ ಮಗಳು ಜೀವಿತಾ ತಿಪಟೂರಿನ ಬಸ್ಸಿಳಿದವಳೇ ಚಪ್ಪಲಿ ಕೂಡ ಬಿಡದೆ ನಡುಮನೆಗೆ ಬಂದು, "ಅಪ್ಪಾ, ಚೀಟೀಲಿ ನನ್ ಹೆಸ್ರು ಎದ್ದದೆ" ಅಂದಳು.

"ಯಾರತ್ರ ಹಾಕಿದ್ದೆ ಚೀಟಿ? ನಂಗೊಂದ್ ಮಾತು ಹೇಳ್ಬಾರ್ದಾ?"

"ದುಡ್ಡಿನ್ ಚೀಟಿ ಅಲ್ಲಪ್ಪಾ. ವೀಸಾದು. ಇಂಗ್ಲೆಂಡಿಂದು."

ಆಮೇಲೆ ಅವಳು ಚಪ್ಪಲಿ ಬಿಟ್ಟು ಬಂದು, ಅಪ್ಪನ ಎದುರು ಕೂತು, ನಕ್ಕಳು. ಮಗಳು ಹಲ್ಲು ಕಾಣುವಂತೆ ನಕ್ಕಿದ್ದನ್ನು ನೋಡಿ ಎಷ್ಟು ವರ್ಷವಾಗಿತ್ತು ಅಂತ ಬಸವರಾಜಪ್ಪ ಲೆಕ್ಕ ಹಾಕಲು ಹೋಗಿ, ಬೇಡವೆಂದು ಬಿಟ್ಟ.

ಜೀವಿತಾಳಿಗೆ ಆಗ ಮೂವತ್ತು. ಪಿಯುಸಿ ಮುಗಿಸಿದ ವರ್ಷವೇ ತಾಯಿ ಸಿದ್ದಗಂಗಮ್ಮನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮನೆಯಲ್ಲಿ ಇನ್ನೊಂದು ಹೆಣ್ಣು ಜೀವ ಇಲ್ಲ. ಒಂದು ವರ್ಷ ನೋಡಿಕೊಂಡು ಕಾಲೇಜಿಗೆ ಸೇರು ಅಂದರು. ಆ ಒಂದು ವರ್ಷ ಆರಾಯಿತು. ಜೊತೆಯಲ್ಲಿ ಓದಿದವರು ಮದುವೆಯಾಗಿ, ಹೆತ್ತು, ಮಕ್ಕಳನ್ನು ಅಂಗನವಾಡಿಗೆ ಬಿಡುವ ಕಾಲಕ್ಕೆ ಇವಳು ತಾಯಿಗೆ ಗಂಜಿ ಕುಡಿಸುತ್ತಿದ್ದಳು. ಸಿದ್ದಗಂಗಮ್ಮ ತೀರಿಕೊಂಡ ಮೇಲೆ, ಇಪ್ಪತ್ನಾಲ್ಕರಲ್ಲಿ, ತಿಪಟೂರಿಗೆ ಬಸ್ಸಲ್ಲಿ ಓಡಾಡಿ ಬಿಕಾಂ ಮಾಡಿದಳು. ಕ್ಲಾಸಿನ ಹುಡುಗರೆಲ್ಲ ಅಕ್ಕ ಅಂತಿದ್ದರು. ಆಮೇಲೆ ತುಮಕೂರಿನಲ್ಲಿ ಎಂಕಾಂ. ಹೋದ ವರ್ಷ ಅದೂ ಮುಗಿದು, ಈಗ ನಾರಿನ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಹನ್ನೆರಡು ಸಾವಿರಕ್ಕೆ ಬಿಲ್ಲು ಬರೆಯುತ್ತಿದ್ದಳು. ನೋಡಲು ಬಂದ ಗಂಡುಗಳು ಕಾಫಿ ಕುಡಿಯುವವರೆಗೆ ಚೆನ್ನಾಗಿಯೇ ಮಾತಾಡಿ, ವಯಸ್ಸು ಕೇಳಿದ ಮೇಲೆ ಗಡಿಯಾರ ನೋಡಿಕೊಳ್ಳುತ್ತಿದ್ದರು. ಊರಿನ ಹೆಂಗಸರಂತೂ ಅವಳು ಎದುರು ಸಿಕ್ಕಿದರೆ "ಪಾಪ" ಅನ್ನದೆ ಮುಂದಕ್ಕೆ ಹೆಜ್ಜೆ ಇಡುತ್ತಿರಲಿಲ್ಲ. ಅದರಲ್ಲಿ ಅವರಿಗೇನು ಸುಖವೋ, ಶಿವನೇ ಬಲ್ಲ.

ಒಂದು ವರ್ಷದಿಂದ ಅವಳು ಬಸ್ಸಿನಲ್ಲಿ ಕೂತು ಫೋನಿನಲ್ಲಿ ದೇಶದೇಶಗಳ ವೀಸಾ ಓದುತ್ತಿದ್ದಳು. ಜರ್ಮನಿಯವರದು ಕೆಲಸ ಹುಡುಕಿಕೊಳ್ಳಲು ಒಂದು ವರ್ಷ ಬಿಡುವ ಕಾರ್ಡು. ಆದರೆ ಆ ಒಂದು ವರ್ಷದ ಅನ್ನದ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿ ಕಟ್ಟಿಡಬೇಕು, ಹತ್ತು ಲಕ್ಷದ ಮೇಲೆ. ಇಂಗ್ಲೆಂಡಿನಲ್ಲೇ ಪ್ರತಿಭಾವಂತರಿಗೆ ಅಂತ ಇನ್ನೊಂದು ಇತ್ತು. ಅದಕ್ಕೆ ಪ್ರಪಂಚದ ದೊಡ್ಡದೊಡ್ಡ ಯೂನಿವರ್ಸಿಟಿಗಳ ಪಟ್ಟಿಯಲ್ಲಿ ನಿಮ್ಮದು ಇರಬೇಕು. ತುಮಕೂರು ಇರಲಿಲ್ಲ. ಆಸ್ಟ್ರೇಲಿಯಾದವರು ಚೀಟಿ ಎತ್ತಿದರು, ಇವಳ ಹೆಸರು ಬರಲಿಲ್ಲ. ಮಿಕ್ಕ ದೇಶಗಳೆಲ್ಲ ಮೊದಲು ಕೆಲಸ ಕೊಡುವವನ ಕಾಗದ ತಾ ಅಂದವು. ಕೊನೆಗೆ ಉಳಿದದ್ದು ಇದೊಂದು. ಹದಿನೆಂಟರಿಂದ ಮೂವತ್ತರ ಒಳಗಿರಬೇಕು, ಡಿಗ್ರಿ ಇರಬೇಕು, ಚೀಟಿಯಲ್ಲಿ ಹೆಸರು ಏಳಬೇಕು. ಎದ್ದರೆ ಎರಡು ವರ್ಷ ಅಲ್ಲಿದ್ದು ಯಾವ ಕೆಲಸ ಬೇಕಾದರೂ ಮಾಡಬಹುದು. ಯಾವ ಕಾಲೇಜು ಅಂತ ಅವರು ಕೇಳಲಿಲ್ಲ. ಜೂನ್ ಬಂದರೆ ಅವಳಿಗೆ ಮೂವತ್ತೊಂದು. ಮುಂದಿನ ಚೀಟಿಗೆ ಅವಳು ಹೆಸರು ಹಾಕುವ ಹಾಗೇ ಇಲ್ಲ. ಇದ್ದದ್ದು ಇದೊಂದೇ ಸಲ.

"ಅಲ್ಲೋಗಿ ಏನ್ ಕೆಲ್ಸ ಮಾಡೀಯೆ?" ಅಂದ ಬಸವರಾಜಪ್ಪ.

"ಏನಾರಾ ಮಾಡ್ತೀನಿ. ಅಂಗ್ಡೀಲಿ ಲೆಕ್ಕ ಬರೀತೀನಿ, ಇಲ್ಲಾಂದ್ರೆ ಪಾತ್ರೆ ತೊಳೀತೀನಿ. ಅಲ್ಲಿ ಯಾರೂ ನನ್ನ ನೋಡಿ ಪಾಪ ಅನ್ನಲ್ಲ ಅಪ್ಪಾ."

ಬಸವರಾಜಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಆಯ್ತು ಕಣವ್ವ, ಹೋಗು. ಏನೇನ್ ಬೇಕೋ ಹೇಳು" ಅಂದ.

ಬೇಕಾಗಿದ್ದದ್ದು ಬಹಳವೇನಲ್ಲ. ತೊಂಬತ್ತು ದಿನದ ಒಳಗೆ ಅರ್ಜಿ ಹಾಕಬೇಕು. ಪಾಸ್‌ಪೋರ್ಟ್ ಇತ್ತು. ಟಿಬಿ ಇಲ್ಲವೆಂಬ ಸರ್ಟಿಫಿಕೇಟನ್ನು ಬೆಂಗಳೂರಿಗೆ ಹೋಗಿ ತಂದಳು. ವೀಸಾ ಫೀಸಿಗೆ, ಮತ್ತೆ ಆರೋಗ್ಯದ ಹೆಸರಲ್ಲಿ ಅವರು ಮುಂಗಡ ಕಟ್ಟಿಸಿಕೊಳ್ಳುವ ದುಡ್ಡಿಗೆ ತಾಯಿಯ ಬಳೆಗಳಿದ್ದವು. ಉಳಿದದ್ದು ಒಂದು: ಎರಡು ಸಾವಿರದ ಐನೂರ ಮೂವತ್ತು ಪೌಂಡು, ಅಂದರೆ ಮೂರು ಲಕ್ಷ ಚಿಲ್ಲರೆ, ಅವಳ ಖಾತೆಯಲ್ಲಿ ಇಪ್ಪತ್ತೆಂಟು ದಿನ ಇರಬೇಕು. ಅದನ್ನು ಯಾರಿಗೂ ಕೊಡಬೇಕಾಗಿಲ್ಲ. ಸುಮ್ಮನೆ ಇರಬೇಕು, ಅಷ್ಟೇ.

ಮೂರು ಲಕ್ಷ ಬಸವರಾಜಪ್ಪನಲ್ಲಿ ಇತ್ತು, ಆದರೆ ಬ್ಯಾಂಕಿನಲ್ಲಲ್ಲ, ಅಟ್ಟದ ಮೇಲೆ. ನಮ್ಮ ಕಡೆ ಕೊಬ್ಬರಿ ಅಂದರೆ ಹಾಗೆ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಕಳಚಿಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಆತುರಪಟ್ಟು ಇಳಿಸಿದರೆ ಕೊಬ್ಬರಿಯ ಉಂಡೆ ಒಡೆಯುತ್ತದೆ, ಇಲ್ಲವೇ ಕಪ್ಪಾಗುತ್ತದೆ. ಬಸವರಾಜಪ್ಪ ಏಣಿ ಹತ್ತಿ ನಾಲ್ಕು ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿ, "ಇನ್ನೊಂದ್ ತಿಂಗ್ಳು" ಅಂದ. ಜೀವಿತಾ ಕೆಳಗೆ ನಿಂತು ಬೆರಳು ಮಡಿಸಿದಳು.

ತಿಂಗಳಾಗಿ, ಹೆಂಗಸರನ್ನು ಕರೆಸಿ, ಸುಲಿದು ಒಡೆದು ಚೀಲ ತುಂಬುವ ಹೊತ್ತಿಗೆ ತೊಂಬತ್ತರಲ್ಲಿ ನಲವತ್ತೆಂಟು ದಿನ ಕಳೆದಿತ್ತು. ಆಮೇಲಾದರೂ ಮಾರಬೇಕೋ ಬೇಡವೋ? ಕೊಬ್ಬರಿಗೆ ಆಗ ಬಸವರಾಜಪ್ಪನ ಜನ್ಮದಲ್ಲಿ ಕಾಣದ ರೇಟು. ವಾರಕ್ಕೆರಡು ಸಲ ಮಾರುಕಟ್ಟೆಯಲ್ಲಿ ನಡೆಯುವ ಹರಾಜಿನಲ್ಲಿ, ಟೆಂಡರಿಂದ ಟೆಂಡರಿಗೆ ಏರುತ್ತಲೇ ಇತ್ತು. ಏರುವ ಕಾಲದಲ್ಲಿ ಮಾರುವವನು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. "ಇನ್ನೊಂದ್ ಟೆಂಡರ್ ನೋಡ್ಮ ಮಗಾ, ನಿಂಗೇ ಬೇಕಾಯ್ತದೆ ನಾಕ್ ಕಾಸು, ಅಲ್ಲಿ ಚಳಿ ಅಂತೆ" ಅಂದ. ಇನ್ನೊಂದು ನೋಡಿದ, ಮತ್ತೊಂದು ನೋಡಿದ. ಐವತ್ತೆಂಟನೆಯ ದಿನ ಕೊಬ್ಬರಿ ಮಾರಿ, ಮೂರು ಲಕ್ಷದ ಇಪ್ಪತ್ತು ಸಾವಿರವನ್ನು ಮಗಳ ಖಾತೆಗೆ ಕಟ್ಟಿದ. ಅವಳು ಪಿಯುಸಿಯಲ್ಲಿದ್ದಾಗ ಸ್ಕಾಲರ್‌ಶಿಪ್ಪಿಗೆಂದು ತೆಗೆದ ಜಂಟಿ ಖಾತೆ ಅದು. ಇಬ್ಬರಲ್ಲಿ ಯಾರ ಸಹಿ ಹಾಕಿದರೂ ದುಡ್ಡು ಬರುತ್ತಿತ್ತು, ಮೆಸೇಜು ಬರುತ್ತಿದ್ದದ್ದು ಅಪ್ಪನ ಫೋನಿಗೆ.

"ಐವತ್ತೆಂಟು, ಇಪ್ಪತ್ತೆಂಟು, ಎಂಬತ್ತಾರು. ನಾಕ್ ದಿನ ಉಳೀತದೆ, ಸಾಕು" ಅಂದಳು ಜೀವಿತಾ. "ಅಪ್ಪಾ, ಆ ದುಡ್ಡು ಇಪ್ಪತ್ತೆಂಟ್ ದಿನ ಇರ್ಬೇಕು."

"ಇರ್ತದೆ ಬುಡು. ಎಲ್ಲಿಗೋದಾತು?"

ಅವನು ಹುಡುಗಾಟಕ್ಕೆ ಅಂದ ಮಾತಲ್ಲ ಇದು. ದುಡ್ಡು ಇರುವುದು ಅಂದರೆ ಅವನ ಲೆಕ್ಕದಲ್ಲಿ, ಕೇಳಿದ ದಿನ ಎಣಿಸಿ ಕೊಡುವ ಹಾಗಿರುವುದು. ಅದು ಪೆಟ್ಟಿಗೆಯಲ್ಲಿದ್ದರೇನು, ಅಟ್ಟದಲ್ಲಿದ್ದರೇನು, ಮಾತಿಗೆ ತಪ್ಪದ ಮನುಷ್ಯನ ಕೈಯಲ್ಲಿದ್ದರೇನು? ಕೊಬ್ಬರಿ ವ್ಯಾಪಾರ ನಡೆಯುವುದೇ ಹೀಗೆ. ಈ ಟೆಂಡರಿನಲ್ಲಿ ಇಸಕೊಂಡವನು ಮುಂದಿನ ಟೆಂಡರಿಗೆ ತಂದು ಮುಟ್ಟಿಸುತ್ತಾನೆ, ಕಾಗದವಿಲ್ಲ, ಬಡ್ಡಿಯಿಲ್ಲ. ಇದ್ದೂ ಇಲ್ಲ ಅಂದವನ ಮುಖವನ್ನು ಆಮೇಲೆ ಯಾರೂ ನೋಡುವುದಿಲ್ಲ.

ದುಡ್ಡು ಕಟ್ಟಿದ ಇಪ್ಪತ್ತನೆಯ ದಿನ ತೋಂಟದಾರ್ಯ ಬಂದ.

ತೋಂಟದಾರ್ಯನದು ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಬಸವರಾಜಪ್ಪನ ಕೊಬ್ಬರಿ ಮೂವತ್ತು ವರ್ಷದಿಂದ ಅಲ್ಲಿಗೇ ಹೋಗುವುದು. ಬರೀ ಅಷ್ಟೇ ಆಗಿದ್ದರೆ ಈ ಕತೆಯನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ಸಿದ್ದಗಂಗಮ್ಮ ಮಲಗಿದ ಆರು ವರ್ಷದಲ್ಲಿ ಮೂರು ಸಲ ಬೆಂಗಳೂರಿಗೆ ಕಾರು ಕಳಿಸಿದವನು, ಆಸ್ಪತ್ರೆಯ ಕೌಂಟರಿನಲ್ಲಿ ತಾನೇ ನಿಂತು ಕಟ್ಟಿದವನು, ಯಾವತ್ತು ಕೊಡುತ್ತೀಯ ಅಂತ ಒಂದು ದಿನ ಬಾಯಿಬಿಟ್ಟು ಕೇಳದವನು ಅವನು. ಸ್ವಂತ ಅಣ್ಣತಮ್ಮಂದಿರು ಬಾಗಿಲಲ್ಲೇ ನಿಂತು ನೋಡಿ ಹೋದ ಕಾಲ ಅದು.

ಅವತ್ತು ತೋಂಟದಾರ್ಯ ಜಗಲಿಯ ಮೇಲೆ ಕೂತು ನೀರು ಕುಡಿದು, "ಬಸರಾಜಣ್ಣ, ಕೈ ಕಟ್ಹಾಕ್ದಂಗಾಗದೆ" ಅಂದ. ರೇಟು ಈ ಪಾಟಿ ಏರಿದ್ದೇ ಕಷ್ಟವಾಗಿತ್ತು. ಮಾಲು ತಂದ ರೈತರಿಗೆ ಅವತ್ತೇ ಬಟವಾಡೆ ಆಗಬೇಕು. ಹೊರಗಡೆಗೆ ಕಳಿಸುವ ವ್ಯಾಪಾರಿಗಳ ದುಡ್ಡು ಬರಲು ನಾಲ್ಕು ದಿನ. ಮೊದಲು ಸಾಲುತ್ತಿದ್ದ ಬಂಡವಾಳ ಈಗ ಅರ್ಧಕ್ಕೂ ಸಾಲದು. "ಕೆಂಕೆರೆ ರೈತ್ರು ಐದ್ ಜನ ದುಡ್ಡಿಗೆ ಮಂಡೀಲಿ ಕೂತವ್ರೆ. ಮೂರ್ ಲಕ್ಷ ಬೇಕು. ನಾಕ್ ದಿನಕ್ಕೆ, ಮುಂದಿನ್ ಟೆಂಡರ್‌ಗೆ, ನಾನೇ ತಂದು ಬ್ಯಾಂಕಿಗೆ ಕಟ್ತೀನಿ."

ಬಸವರಾಜಪ್ಪನಿಗೆ ಮಗಳ ನೆನಪು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಇಪ್ಪತ್ತೆಂಟಕ್ಕೆ ಇನ್ನೂ ಎಂಟು ದಿನ, ಇವನು ನಾಲ್ಕು ದಿನಕ್ಕೆ ತಂದು ಕಟ್ಟುತ್ತಾನೆ, ಮತ್ತೂ ನಾಲ್ಕು ದಿನ ಮಿಗುತ್ತದೆ ಅಂತ ಸರಿಯಾಗಿಯೇ ಲೆಕ್ಕ ಹಾಕಿದ. ಜೀವಿತಾ ಕೆಲಸಕ್ಕೆ ಹೋಗಿದ್ದಳು. ಅವಳಿಗೊಂದು ಫೋನು ಮಾಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಅಂಗಿ ಹಾಕಿಕೊಂಡು ತೋಂಟದಾರ್ಯನ ಸ್ಕೂಟರಿನ ಹಿಂದೆ ಕೂತು ಬ್ಯಾಂಕಿಗೆ ಹೋಗಿ ಮೂರು ಲಕ್ಷ ತೆಗೆದುಕೊಟ್ಟ. ನಾಲ್ಕನೆಯ ದಿನ ಮಧ್ಯಾಹ್ನದ ಒಳಗೆ ತೋಂಟದಾರ್ಯ ಅಷ್ಟನ್ನೂ ತಂದು ಕಟ್ಟಿದ. ಫೋನಿಗೆ ಮೆಸೇಜು ಬಂದಾಗ ಬಸವರಾಜಪ್ಪ ತೆಂಗಿನ ಬುಡಕ್ಕೆ ಗೊಬ್ಬರ ಹಾಕುತ್ತಿದ್ದ. ಓದಿ, ಸಮಾಧಾನವಾಗಿ, ಫೋನನ್ನು ಜೇಬಿಗೆ ಹಾಕಿಕೊಂಡ.

ಎಂಬತ್ತಾರನೆಯ ದಿನ ಅಪ್ಪ ಮಗಳು ಇಬ್ಬರೂ ತಿಪಟೂರಿನ ಬ್ಯಾಂಕಿಗೆ ಹೋದರು. ಬಸವರಾಜಪ್ಪ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಜೀವಿತಾ ಸ್ಟೇಟ್‌ಮೆಂಟ್ ಕೇಳಿದಳು. ಕೌಂಟರಿನವನು ಪ್ರಿಂಟ್ ತೆಗೆದು, ಸೀಲು ಒತ್ತಿ, ಸಹಿ ಹಾಕಿ ಕೊಟ್ಟ. ಅವಳು ಅಲ್ಲೇ ನಿಂತು ಮೇಲಿನಿಂದ ಕೆಳಗೆ ಬೆರಳಿಟ್ಟು ಓದುತ್ತ ಬಂದಳು. ಬೆರಳು ನಿಂತಿತು.

"ಅಪ್ಪಾ, ಇದೇನು?"

"ಅದಾ? ತೋಂಟಣ್ಣಂಗೆ ಕೊಟ್ಟಿದ್ದೆ, ನಾಕ್ ದಿನಕ್ಕೆ. ಹೇಳ್ದಂಗೇ ತಂದ್ ಕಟ್ದ, ನೋಡು ಕೆಳಗೆ. ಒಂದ್ರುಪಾಯಿ ಹೆಚ್ಕಮ್ಮಿ ಇಲ್ಲ."

ಮಗಳ ತುಟಿ ಬೆಳ್ಳಗಾದದ್ದನ್ನು ನೋಡಿ ಬಸವರಾಜಪ್ಪನಿಗೆ ಅವಳು ಬೆಳಿಗ್ಗೆ ಏನೂ ತಿಂದಿಲ್ಲವೆಂಬುದು ನೆನಪಾಯಿತು.

"ದುಡ್ಡು ಕಮ್ಮಿ ಆಗ್ಬಾರ್ದಿತ್ತು ಅಪ್ಪಾ. ಒಂದ್ ದಿನಾನೂ. ಇಪ್ಪತ್ತೆಂಟ್ ದಿನಾನೂ ಅಷ್ಟೂ ಇರ್ಬೇಕಿತ್ತು."

"ಇತ್ತಲ್ಲ! ತೋಂಟಣ್ಣನತ್ರ ಇತ್ತು."

ಅವಳು ತಲೆಯಾಡಿಸಿದಳು. ಬಿಡಿಸಿ ಹೇಳಿದಳು, ಚಿಕ್ಕ ಮಗುವಿಗೆ ಹೇಳುವ ಹಾಗೆ, ಸಿಟ್ಟಿಲ್ಲದೆ. ದುಡ್ಡು ವಾಪಸು ಬಂದ ದಿನವೇ ಈಗ ಒಂದನೆಯ ದಿನ. ಅಲ್ಲಿಂದ ಮತ್ತೆ ಇಪ್ಪತ್ತೆಂಟು ಎಣಿಸಬೇಕು. ಇನ್ನೂ ಇಪ್ಪತ್ನಾಲ್ಕು ದಿನ ಬೇಕು. ಅರ್ಜಿಗೆ ಉಳಿದಿರುವುದು ನಾಲ್ಕು.

ಬಸವರಾಜಪ್ಪ ಕೌಂಟರಿನ ಕಡೆಗೆ ತಿರುಗಿದ. "ಸ್ವಾಮಿ, ಆ ಎರಡ್ ಸಾಲು ಬುಟ್ಟು ಇನ್ನೊಂದು ತೆಗೆದುಕೊಡಿ" ಅಂದ.

"ಆಗಲ್ಲ ಯಜಮಾನ್ರೇ."

"ತಪ್ಪೇನಿಲ್ಲ ಅದ್ರಲ್ಲಿ. ಹೋದ್ ದುಡ್ಡು ಬಂದದೆ. ಹೋಗ್ಲೇ ಇಲ್ಲ ಅಂದ್ಕೊಂಡ್ರಾಯ್ತಪ್ಪ."

"ಕಂಪ್ಯೂಟರ್‌ನಲ್ಲಿ ಇರೋದೆಲ್ಲ ಬರ್ತದೆ ಯಜಮಾನ್ರೇ. ನಾನೇನೂ ಮಾಡಕ್ಕಾಗಲ್ಲ." ಕೌಂಟರಿನವನು ಒಳ್ಳೆಯವನೇ, ಹಿಂದೆ ನಿಂತವರನ್ನು ಸ್ವಲ್ಪ ತಡೆಯಿರಿ ಅಂದ. ಆದರೂ ಅವನ ಕೈಯಲ್ಲಿ ಏನೂ ಇರಲಿಲ್ಲ.

"ಹಂಗಾದ್ರೆ ತೋಂಟಣ್ಣನ ಕೈಲಿ ಬರೆಸ್ಕೊಡ್ತೀನಿ ಮಗಾ. ದುಡ್ಡು ನನ್ನತ್ರಾನೇ ಇತ್ತು ಅಂತ ಬರೀತಾನೆ. ಸುಳ್ ಹೇಳೋ ಮನುಷ್ಯ ಅಲ್ಲ ಅವ್ನು, ಯಾರನ್ ಬೇಕಾದ್ರೂ ಕೇಳ್ಲಿ."

"ತೋಂಟದಾರ್ಯ ಮಾವ ಯಾರು ಅಂತ ಅವ್ರಿಗೆ ಗೊತ್ತಿಲ್ವಲ್ಲಪ್ಪಾ" ಅಂದಳು ಜೀವಿತಾ.

ತಿಪಟೂರಿನಲ್ಲಿ, ಚಿಕ್ಕನಾಯಕನಹಳ್ಳಿಯಲ್ಲಿ, ಅತ್ತ ತುರುವೇಕೆರೆಯವರೆಗೂ ತೋಂಟದಾರ್ಯನ ಒಂದು ಮಾತಿಗೆ ಲಾರಿಗಟ್ಟಲೆ ಮಾಲು ಕೈ ಬದಲಾಗುತ್ತಿತ್ತು. ಆ ಮಾತು ನಡೆಯದ ಜಾಗವೊಂದಿದೆ ಎಂಬುದು ಬಸವರಾಜಪ್ಪನಿಗೆ ಅರವತ್ತಮೂರನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಅಪ್ಪನಿಗೆ ಟೀ ತಂದುಕೊಟ್ಟಳು. ಅವನು ಲೋಟ ಹಿಡಿದುಕೊಂಡು ಕುಡಿಯದೆ ಕೂತ.

"ಬಯ್ದುಬುಡವ್ವ" ಅಂದ. "ಬಾಯಿಗೆ ಬಂದಂಗೆ ಬಯ್ದುಬುಡು ನನ್ನ."

"ಏನಂತ ಬಯ್ಯಲಿ? ಅವ್ವನ್ನ ಆಸ್ಪತ್ರೆಗೆ ಹಾಕಿದ್ದು ಅವ್ರು. ಇಲ್ಲ ಅಂತ ಹೆಂಗಂತೀಯ ನೀನು?" ಎದ್ದು ಬಸ್ಸಿನ ಬೋರ್ಡು ನೋಡಿ ಬಂದು ಕೂತಳು. "ನನ್ನೊಂದ್ ಮಾತು ಕೇಳ್ಬೋದಿತ್ತು. ಅಷ್ಟೇ."

ಅರ್ಜಿ ಹಾಕಿಯಾದರೂ ನೋಡು, ಅವರಿಗೂ ಕರುಣೆ ಇರಬಹುದು ಅಂತ ಬಸವರಾಜಪ್ಪ ಎರಡು ದಿನ ಹೇಳಿದ. ತಿರಸ್ಕಾರ ಮಾಡಿದರೆ ಫೀಸು ವಾಪಸು ಬರುವುದಿಲ್ಲ, ಗೊತ್ತಿದ್ದೂ ಗೊತ್ತಿದ್ದೂ ಅವ್ವನ ಬಳೆ ಕಳೆಯಲ್ಲ ಅಂದಳು ಅವಳು. ತೊಂಬತ್ತನೆಯ ದಿನ ಎಂದಿನಂತೆ ಎದ್ದು, ಮುದ್ದೆಗೆ ಎಸರಿಟ್ಟು, ಸಾರು ಮಾಡಿ, ಎಂಟೂಕಾಲರ ಬಸ್ಸಿಗೆ ಹೋದಳು. ಅವತ್ತು ಬಸವರಾಜಪ್ಪ ತೋಟಕ್ಕೆ ಹೋಗಲಿಲ್ಲ. ಮಗಳ ರೂಮಿನ ಬಾಗಿಲಲ್ಲಿ ನಿಂತು ನೋಡಿದ. ಬ್ಯಾಗು ಒಂದನ್ನು ಅವಳು ಆಗಲೇ ಅರ್ಧ ಜೋಡಿಸಿಟ್ಟಿದ್ದಳು. ಅದರೊಳಗೆ ಚಟ್ನಿಪುಡಿಗೆಂದು ತೊಳೆದು ಒಣಗಿಸಿದ ಎರಡು ಖಾಲಿ ಡಬ್ಬ ಇದ್ದವು. ಅವನಿಗೆ ಅಳು ಬಂತು. ಮನೆಯಲ್ಲಿ ಯಾರೂ ಇಲ್ಲದ್ದರಿಂದ ಜೋರಾಗಿಯೇ ಅತ್ತ.

ಸಂಜೆ ಜೀವಿತಾ ಒಂದೇ ಮಾತು ಹೇಳಿದಳು: "ಮಾವಂಗೆ ಹೇಳ್ಬೇಡ. ಅವ್ರಿಗೆ ತಡಕೊಳಕ್ಕಾಗಲ್ಲ. ವೀಸಾ ಆಗ್ಲಿಲ್ಲ ಅನ್ನು, ಸಾಕು."

ಜೂನ್ ಬಂತು. ಮಗಳಿಗೆ ಮೂವತ್ತೊಂದು ತುಂಬಿತು. ಅದಾದ ವಾರಕ್ಕೆ, ಅವಳಿಗೆ ರಜೆಯಿದ್ದ ದಿನ ಬೆಳಿಗ್ಗೆ ತೋಂಟದಾರ್ಯ ಬಂದ. ವೀಸಾ ಆಗಲಿಲ್ಲವೆಂಬ ಸುದ್ದಿ ಅವನಿಗೆ ಮುಟ್ಟಿತ್ತು. ಜಗಲಿಯ ಮೇಲೆ ಕೂತವನೇ ಇಂಗ್ಲೆಂಡಿನವರ ಮೂರು ತಲೆಮಾರನ್ನು ಎತ್ತಿ ಬೈದ.

"ಎಂಕಾಂ ಓದಿರೋ ಮಗೀಗೆ ಇಲ್ಲ ಅಂತಾರಲ್ಲ, ಅವ್ರ ಮನೆ ಹಾಳಾಗ! ಹೋಗ್ಲಿ ಬುಡು ಬಸರಾಜಣ್ಣ. ಅಷ್ಟು ದೂರ ಒಂದ್ ಹೆಣ್ಮಗು ಹೋಗಿ ಏನ್ ಕಷ್ಟ ಪಡ್ಬೇಕಿತ್ತೋ. ಕಣ್ಮುಂದೆ ಇದಾಳಲ್ಲ, ಅದೇ ಸಾಕು. ನಾನೇ ಒಂದ್ ಗಂಡು ನೋಡ್ತೀನಿ." ನಿಜವಾಗಿ ನೊಂದುಕೊಂಡೇ ಹೇಳಿದ. ಆಮೇಲೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಸ್ವಲ್ಪ ತಗ್ಗಿದ ದನಿಯಲ್ಲಿ, "ಹಂಗಾದ್ರೆ ಆ ದುಡ್ಡು ಈಗ ಹಂಗೇ ಅದಲ್ವಾ? ನಾಳೆ ಟೆಂಡರ್‌ಗೆ ಮತ್ತೆ ಹೋದ್ಸಲದಂಗೇ ಆಗದೆ ಕಣಣ್ಣ. ನಾಕೇ ದಿನ" ಅಂದ.

ಮೂವತ್ತು ವರ್ಷದಲ್ಲಿ ಆಡದ ಮಾತು ಬಸವರಾಜಪ್ಪನ ಬಾಯಿಂದ ಬಂತು.

"ಇಲ್ಲ ತೋಂಟಣ್ಣ. ಕೊಡಕ್ಕಾಗಲ್ಲ."

ತೋಂಟದಾರ್ಯ ಅವನ ಮುಖವನ್ನೇ ನೋಡಿದ. ತಮಾಷೆ ಇರಬೇಕೆಂದು ನಗಲು ಹೊರಟು, ನಗಲಾರದೆ, ಕೂತಲ್ಲಿಂದ ಅರ್ಧ ಎದ್ದ. ಬಸವರಾಜಪ್ಪ ನೆಲ ನೋಡುತ್ತಿದ್ದ. ಅವತ್ತು ಬಾರದ ಮಾತು ಈಗ, ಯಾವ ಉಪಯೋಗಕ್ಕೂ ಇಲ್ಲದ ಹೊತ್ತಿನಲ್ಲಿ, ಇಷ್ಟು ಸಲೀಸಾಗಿ ಬಂದುಬಿಟ್ಟಿತಲ್ಲ ಅಂತ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಒಳಗಿನಿಂದ ಜೀವಿತಾ ಬಂದಳು. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಚೆಕ್‌ಬುಕ್ಕು. ಕಾಫಿಯನ್ನು ತೋಂಟದಾರ್ಯನ ಮುಂದಿಟ್ಟಳು.

"ಅಪ್ಪಂಗೆ ಮೈ ಹುಷಾರಿಲ್ಲ ಮಾವ, ಏನೋ ಅಂತದೆ, ತಲೇಗೆ ಹಾಕ್ಕೋಬೇಡಿ. ಕೂತ್ಕಳಿ" ಅಂದಳು. ಗೋಡೆಗೆ ಚೆಕ್‌ಬುಕ್ಕು ಒತ್ತಿಹಿಡಿದು, ಮೂರು ಲಕ್ಷ ಬರೆದು, ಸಹಿ ಹಾಕಿ, ಹರಿದು ಕೊಟ್ಟಳು.

"ನಾಕ್ ದಿನಕ್ಕೆ ತಂದ್ ಕಟ್ತೀನಿ ಕಣವ್ವ."

"ಆತುರ ಇಲ್ಲ ಮಾವ. ಎಷ್ಟ್ ದಿನ ಬೇಕಾದ್ರೂ ಇಟ್ಕಳಿ."